ಎರಡೂ ಕಡೆ ಹೆಣ್ಣಿನ ಕಡೆಯವರೇ

ಮಂಡಿ ಮೊಹಲ್ಲಾ

ತೈವಾನಿಗೆ ಹೋಗಿ ಬಂದೆ ಅಂದರೆ ನಮ್ಮ ಬೀದಿಯಲ್ಲಿ ಅರ್ಧ ಜನ ಥಾಯ್ಲೆಂಡ್ ಅಂದುಕೊಂಡು ಹುಬ್ಬು ಕುಣಿಸುತ್ತಾರೆ. ಉಳಿದವರು ಏನು ವಿಶೇಷ ಎಂದು ಕೇಳುತ್ತಾರೆ. ಅಕ್ಕನ ಮಗಳ ಮದುವೆ ಎಂದರೆ ಮುಂದಿನ ಪ್ರಶ್ನೆ ಸಿದ್ಧವಾಗಿರುತ್ತದೆ: "ಹುಡುಗ ಏನ್ ಕೆಲ್ಸ ಮಾಡ್ತವ್ನೆ?" ಅಲ್ಲಿಗೆ ನನ್ನ ಬಾಯಿ ಕಟ್ಟುತ್ತದೆ. ಔಷಧಿ ಅಂಗಡಿ ಎಂದು ಒಬ್ಬರಿಗೆ ಹೇಳಿ ಪಾರಾದೆ. ಕೆಲಸ ಔಷಧಿ ಅಂಗಡಿಯಲ್ಲೇ, ಸುಳ್ಳಲ್ಲ. ಆದರೆ ಹುಡುಗ ಅಲ್ಲ, ಹುಡುಗಿ. ನಮ್ಮ ಇಂಚರ ಮದುವೆಯಾದದ್ದು ಯೂಟಿಂಗ್ ಎಂಬ ಹುಡುಗಿಯನ್ನು. ಗಲ್ಲಾ ಮುಂದೆ ಕೂತು ಹೇಳಲಾಗದ್ದನ್ನು ಬರೆದಾದರೂ ಹೇಳೋಣ ಎಂದು ಕೂತಿದ್ದೇನೆ.

ನನ್ನದು ಮೈಸೂರಿನಲ್ಲಿ ಗ್ರಂಥಿಗೆ ಅಂಗಡಿ. ಪೂಜೆ ಸಾಮಾನೂ ಇದೆ, ಆದರೆ ಮದುವೆ ಸಾಮಾನಿನದೇ ಮುಖ್ಯ ವ್ಯಾಪಾರ. ಬಾಸಿಂಗ, ಕಂಕಣದ ದಾರ, ಅರಿಶಿನದ ಕೊಂಬು, ಮೊರದ ಬಾಗಿನ, ಮುತ್ತೈದೆಯರಿಗೆ ಕೊಡುವ ಬಳೆ ಬಿಚ್ಚೋಲೆ ಎಲ್ಲ ಸಿಗುತ್ತದೆ. ಯಾವ ಜನಕ್ಕೆ ಯಾವ ಶಾಸ್ತ್ರ, ಯಾವ ಸೀಮೆಯವರಿಗೆ ಎಷ್ಟು ಅಗಲದ ಬಾಸಿಂಗ ಎಂಬುದನ್ನು ಗಿರಾಕಿಯ ಮುಖ ನೋಡಿ ಹೇಳಬಲ್ಲೆ ಎಂಬ ಜಂಬ ನನಗಿತ್ತು. ಮದುವೆಯ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ ಅಂದುಕೊಂಡಿದ್ದೆ.

ಬಾಸಿಂಗ ಜೋಡಿಯಲ್ಲಿ ಬರುತ್ತದೆ. ಗಂಡಿನ ಹಣೆಗೆ ದೊಡ್ಡದು, ಹೆಣ್ಣಿನ ಹಣೆಗೆ ಚಿಕ್ಕದು. ಇಂಚರಳ ಮದುವೆಗೆ ಎರಡು ಚಿಕ್ಕವು ಬೇಕಾದ್ದರಿಂದ ಎರಡು ಜೋಡಿ ಬಿಚ್ಚಿದೆ. ಉಳಿದ ಎರಡು ದೊಡ್ಡವನ್ನು ನೋಡಿ ನನ್ನ ಹೆಂಡತಿ, "ಇವನ್ನ ಯಾರಿಗ್ರೀ ಮಾರ್ತೀರಾ?" ಎಂದಳು. ಬೇಕಾದವರು ಬರಲಿ, ನಾನಂತೂ ಏನೂ ಕೇಳುವುದಿಲ್ಲ.

ಇಂಚರ ಕೃಷಿ ಓದಿ, ತೈವಾನಿನ ದಕ್ಷಿಣದಲ್ಲಿ ಆರ್ಕಿಡ್ ಹೂವಿನ ಸಸಿ ಬೆಳೆಸುವ ಕಡೆ ಕೆಲಸಕ್ಕೆ ಸೇರಿ ವರ್ಷಗಳಾಗಿವೆ. ಅವಳಮ್ಮ, ಅಂದರೆ ನನ್ನ ಅಕ್ಕ ಜಯಕ್ಕ, ಚಾಮರಾಜಪುರದಲ್ಲಿ ಸೀರೆಗೆ ಕುಚ್ಚು ಕಟ್ಟುತ್ತಾಳೆ. ಭಾವ ಹೋದ ಮೇಲೆ ಅದೇ ಅವಳ ಸಂಪಾದನೆ. ಆ ಕಡೆಯ ಎಷ್ಟೋ ಮದುಮಕ್ಕಳ ಧಾರೆ ಸೀರೆಯ ಕುಚ್ಚು ಅಕ್ಕನದೇ. ಮದುವೆಗೆ ಕರೆದರೆ ಮಾತ್ರ ಹಿಂದಿನ ದಿನವೇ ಹೋಗಿ ಉಡುಗೊರೆ ಕೊಟ್ಟು ಬಂದುಬಿಡುತ್ತಾಳೆ. ಅವಳಿಗೆ ಜನಜಂಗುಳಿ ಆಗುವುದಿಲ್ಲ ಎಂದು ನಾವೆಲ್ಲ ತಿಳಿದಿದ್ದೆವು.

ಇಂಚರ ಫೋನಿನಲ್ಲಿ ವಿಷಯ ಹೇಳಿದಾಗ ಅಕ್ಕ "ಸರಿ ಕಣಮ್ಮ" ಎಂದು ಮತ್ತೆ ಸೂಜಿ ಹಿಡಿದಳಂತೆ. ಬೈಯಲಿಲ್ಲ, ಅಳಲಿಲ್ಲ. ಬೈದಿದ್ದರೆ ಇಂಚರ ತಡೆದುಕೊಳ್ಳುತ್ತಿದ್ದಳು. ಆ "ಸರಿ"ಗೆ ಹೆದರಿ ನನಗೆ ಫೋನ್ ಮಾಡಿದಳು. "ಮಾವ, ಅಮ್ಮ ಬರ್ತಾಳೆ, ಗೊತ್ತು. ಬಂದು ನನ್ ಪಕ್ಕ ನಿಂತ್ಕೋತಾಳಾ? ಅವ್ಳು ನಿಲ್ದೆ ಹೋದ್ರೆ ಈ ಮದುವೆ ಬರೀ ಆಫೀಸಿನ ಸೀಲು ಅಷ್ಟೇ." ನೋಂದಣಿ ಆಗಲೇ ಮುಗಿದಿತ್ತು. ಏಷ್ಯಾದಲ್ಲಿ ಇಂಥ ಮದುವೆಗೆ ಮೊದಲು ಕಾನೂನು ಮಾಡಿದ್ದೇ ಆ ದೇಶ. ನಮ್ಮಲ್ಲಿ ಸುಪ್ರೀಂ ಕೋರ್ಟು ಅದು ಶಾಸನ ಮಾಡುವವರ ಕೆಲಸ ಎಂದು ಹೇಳಿ ಬಿಟ್ಟಿದೆ.

ಅಕ್ಕನ ಮನಸ್ಸು ತಿರುಗಿಸುವ ಜವಾಬ್ದಾರಿ ನನ್ನ ತಲೆಗೆ ಬಂತು. ಅಂಗಡಿಯಲ್ಲಿ ಗಿರಾಕಿ ಇಲ್ಲದಾಗಲೆಲ್ಲ ಮೊಬೈಲಿನಲ್ಲಿ ಓದತೊಡಗಿದೆ. ಬೇರೆ ದೇಶ, ಬೇರೆ ಧರ್ಮಗಳಲ್ಲಿ ಹೆಣ್ಣು ಹೆಣ್ಣಿಗೆ, ಗಂಡು ಗಂಡಿಗೆ ಮದುವೆ ಎಲ್ಲಾದರೂ ನಡೆದಿತ್ತೇ ಎಂದು. ಓದುತ್ತಿದ್ದಾಗ ಮೊದಲು ನೆನಪಾದದ್ದು ನಮ್ಮ ಗಲ್ಲಾಪೆಟ್ಟಿಗೆಯೇ. ಮಳೆ ಕೈಕೊಟ್ಟ ವರ್ಷ ಮಂಡ್ಯದ ಕಡೆಯ ಹಳ್ಳಿಯವರು ಬಂದು ಒಂದು ಜೋಡಿ ಬಾಸಿಂಗ ಒಯ್ಯುತ್ತಾರೆ. ಇಬ್ಬರು ಗಂಡು ಹುಡುಗರಲ್ಲಿ ಒಬ್ಬನಿಗೆ ಸೀರೆ ಉಡಿಸಿ, ವಾಲಗ ಊದಿಸಿ, ಊರಿಗೆಲ್ಲ ಊಟ ಹಾಕಿ ಮದುವೆ ಮಾಡುತ್ತಾರೆ. ಮಾಡಿದರೆ ಮಳೆ ಬರುತ್ತದೆಂಬ ನಂಬಿಕೆ. ನಾನೇ ಬಾಸಿಂಗ ಕಟ್ಟಿಕೊಟ್ಟಿದ್ದೇನೆ, ಒಂದು ದಿನವೂ ವಿಚಿತ್ರ ಅನ್ನಿಸಿರಲಿಲ್ಲ. ಅಶ್ವತ್ಥಕ್ಕೂ ಬೇವಿಗೂ ಮದುವೆ ಮಾಡುವ ನಾಡು ನಮ್ಮದು. ಮರಕ್ಕೆ ಆಗುತ್ತದೆ, ಮಳೆಗಾಗಿ ಆಗುತ್ತದೆ, ಮನುಷ್ಯರು ಇಷ್ಟಪಟ್ಟು ಆದರೆ ಯಾಕೆ ಆಗದು ಎಂಬಲ್ಲಿ ನನ್ನ ತಲೆ ಕೆಟ್ಟುಹೋಗುತ್ತಿತ್ತು.

ತೈಪೆ

ವಿಮಾನ ಇಳಿದು ಸಾಮಾನು ಎತ್ತಿಕೊಳ್ಳುವಾಗ ಒಂದು ಪುಟ್ಟ ನಾಯಿ ಬಂದು ಅಕ್ಕನ ಚೀಲದ ಪಕ್ಕ ಅಚ್ಚುಕಟ್ಟಾಗಿ ಕೂತುಬಿಟ್ಟಿತು. ಅಕ್ಕ "ಪಾಪ, ಹಸಿವೇನೋ" ಎಂದು ಬಿಸ್ಕತ್ತು ತೆಗೆಯಲು ಹೋದಳು. ಅದು ಹಸಿದ ನಾಯಿಯಲ್ಲ, ಸರ್ಕಾರಿ ನಾಯಿ. ಹಣ್ಣು, ಎಲೆ, ಮಾಂಸ ಹೊರಗಿನಿಂದ ತರುವಂತಿಲ್ಲ ಎಂಬ ನಿಯಮವನ್ನು ಮೂಸಿ ಜಾರಿ ಮಾಡುವುದು ಅದರ ಕೆಲಸ. ಚೀಲದೊಳಗೆ ತೆಂಗಿನಕಾಯಿಗಳೂ, ಒದ್ದೆ ಬಟ್ಟೆಯಲ್ಲಿ ಸುತ್ತಿದ ನಮ್ಮೂರ ವೀಳ್ಯದೆಲೆಯ ಕಟ್ಟೂ ಇದ್ದವು. ಆ ಊರಿನಲ್ಲಿ ಸಿಗುತ್ತದೋ ಇಲ್ಲವೋ ಎಂದು ತಂದವಳು ಅವಳು. ಎಲ್ಲವನ್ನೂ ಅಲ್ಲೇ ಒಪ್ಪಿಸಿದೆವು. ಸಮವಸ್ತ್ರದ ಹುಡುಗಿ ಎರಡೂ ಕೈಯಲ್ಲಿ ಕಾಯಿ ಹಿಡಿದು ಬಾಗಿ ನಮಸ್ಕರಿಸಿದಳು. ಪೂರ್ಣಕುಂಭ ಎದುರು ಬಂದಂತಾಯಿತು ಎಂದು ನಾನು ನಕ್ಕರೆ ಅಕ್ಕ ನಗಲಿಲ್ಲ.

ಹೊರಗೆ ಇಂಚರ ಕಾಯುತ್ತಿದ್ದಳು. ತಾಯಿಮಗಳು ಅಪ್ಪಿಕೊಂಡು ಬಹಳ ಹೊತ್ತು ನಿಂತರು. ಅದನ್ನು ನೋಡಿ, ಇನ್ನು ನನ್ನ ಭಾಷಣಕ್ಕೆ ಕೆಲಸವಿಲ್ಲ ಅಂದುಕೊಂಡೆ. ಆದರೆ ಕಾರಿನಲ್ಲಿ ಮದುವೆಯ ಮಾತು ಬಂದ ಕೂಡಲೇ ಅಕ್ಕ ಕಿಟಕಿಯ ಕಡೆ ತಿರುಗಿದಳು.

ಇಂಚರ ನಮ್ಮನ್ನು ಒಂದು ಸಣ್ಣ ಗುಡಿಗೆ ಕರೆದುಕೊಂಡು ಹೋದಳು. ಅಂಗಡಿ ಸಾಲಿನ ನಡುವೆ, ನಮ್ಮ ಮೊಹಲ್ಲಾದ ಗಣಪತಿ ಗುಡಿಯಷ್ಟೇ ಜಾಗ. ಒಳಗಿರುವುದು ಮೊಲದ ದೇವರು. ಹಿಂದೆ ಚೀನಾ ಕರಾವಳಿಯಲ್ಲಿ ಒಬ್ಬ ಗಂಡಸು ದೊಡ್ಡ ಅಧಿಕಾರಿಯನ್ನು ಮೋಹಿಸಿ, ಅದಕ್ಕಾಗಿಯೇ ಕೊಲೆಯಾಗಿ, ಸತ್ತ ಮೇಲೆ ಗಂಡು ಗಂಡಿನ ಪ್ರೀತಿಗೆ ಅಧಿದೇವತೆಯಾದನಂತೆ. ಹುಡುಗರು ಚೀಟಿ ಬರೆದಿಟ್ಟು ಕೈಮುಗಿಯುತ್ತಿದ್ದರು. ನಮ್ಮಲ್ಲಿ ಕಂಕಣಭಾಗ್ಯಕ್ಕೆ ಹರಕೆ ಹೊತ್ತವರ ಮುಖದಲ್ಲಿರುವ ಆತಂಕವೇ ಅವರ ಮುಖದಲ್ಲೂ ಇತ್ತು.

"ಹೆಣ್ಮಕ್ಕಳ ವಿಷ್ಯ ಈ ದೇವ್ರು ನೋಡ್ತಾನಾ?" ಎಂದಳು ಅಕ್ಕ. ಇಂಚರ ಅಲ್ಲಿದ್ದವರನ್ನು ಕೇಳಿ, "ಎಲ್ರದ್ದೂ ಕೇಳಿಸ್ಕೋತಾನಂತೆ ಅಮ್ಮ" ಎಂದಳು.

ನಮ್ಮಲ್ಲಿ ದೇವರ ಬಲಗಡೆಯಿಂದ ಹೂ ಬಿದ್ದರೆ ಅಪ್ಪಣೆ ಆಯಿತು ಅನ್ನುತ್ತೇವಲ್ಲ, ಹಾಗೆ ಅಲ್ಲಿ ಅರ್ಧಚಂದ್ರದ ಎರಡು ಮರದ ತುಂಡುಗಳನ್ನು ನೆಲಕ್ಕೆ ಹಾಕುತ್ತಾರೆ. ಒಂದು ಮಗುಚಿ, ಒಂದು ಅಂಗಾತ ಬಿದ್ದರೆ ದೇವರು ಹೂಂ ಅಂದ ಹಾಗೆ. ಎರಡೂ ಮಗುಚಿ ಬಿದ್ದರೆ ಊಹೂಂ. ಎರಡೂ ಅಂಗಾತವಾದರೆ ದೇವರು ನಗುತ್ತಿದ್ದಾನೆ, ಪ್ರಶ್ನೆಯನ್ನೇ ಸರಿಯಾಗಿ ಕೇಳಿಲ್ಲ ಎಂದರ್ಥ. ಅಕ್ಕ ಸೆರಗು ಹೊದ್ದು, ಕಣ್ಣು ಮುಚ್ಚಿ, ತುಟಿಯೊಳಗೇ ಏನೋ ಕೇಳಿ ತುಂಡು ಹಾಕಿದಳು. ದೇವರು ನಕ್ಕ. ಮತ್ತೆ ಹಾಕಿದಳು, ಮತ್ತೆ ನಕ್ಕ. ಮೂರನೆಯ ಸಲವೂ ತುಂಡುಗಳೆರಡೂ ಅಂಗಾತ ಬಿದ್ದು ತೊಟ್ಟಿಲಂತೆ ತೂಗಿದವು. ಈ ಮದುವೆ ನಡೆಯಬೇಕೋ ಬೇಡವೋ ಎಂದೇ ಅಕ್ಕ ಕೇಳಿದ್ದಾಳೆ ಎಂದು ನಾನೂ ಇಂಚರಳೂ ಕಣ್ಣಲ್ಲೇ ಮಾತಾಡಿಕೊಂಡೆವು. ಪಾಪ, ಹುಡುಗಿಯ ಮುಖ ಬಿಳಿಚಿಕೊಂಡಿತ್ತು.

ದಕ್ಷಿಣಕ್ಕೆ ಹೋಗುವ ರೈಲು

ರೈಲು ಎಷ್ಟು ವೇಗವೋ ಅಷ್ಟೇ ಮೌನ. ನಮ್ಮ ಮೈಸೂರು-ಬೆಂಗಳೂರು ಗಾಡಿಯಲ್ಲಿ ಮದ್ದೂರು ಬರುವಷ್ಟರಲ್ಲಿ ಪಕ್ಕದವರ ಮನೆಯ ಜಗಳವೆಲ್ಲ ತಿಳಿದಿರುತ್ತದೆ. ಇಲ್ಲಿ ಫೋನಿನಲ್ಲಿ ಮಾತಾಡುವವರೂ ಎದ್ದು ಬಾಗಿಲ ಬಳಿ ಹೋಗುತ್ತಾರೆ. ಇಂಥಲ್ಲಿ ನಾನು ಪಿಸುಗುಟ್ಟಿಕೊಂಡೇ ಅಕ್ಕನಿಗೆ ಇತಿಹಾಸದ ಪಾಠ ಶುರುಮಾಡಿದೆ. ಅಕ್ಕ ಮಡಿಲಲ್ಲಿ ರೇಷ್ಮೆ ಸೀರೆ ಹರಡಿಕೊಂಡು ಕುಚ್ಚು ಕಟ್ಟುತ್ತಿದ್ದಳು. ಎರಡು ಸೀರೆ, ಒಂದು ಇಂಚರಳದು, ಒಂದು ಯೂಟಿಂಗಳದು. ಇದೇ ನನಗೆ ಅರ್ಥವಾಗದಿದ್ದದ್ದು. ಮದುವೆ ಒಪ್ಪದವಳು ಆ ಹುಡುಗಿಯ ಸೀರೆಗೂ ಕುಚ್ಚು ಕಟ್ಟುತ್ತಾಳೆಯೇ? ಒಪ್ಪಿದವಳಾದರೆ ಮುಖ ಯಾಕೆ ಹೀಗೆ?

ದಕ್ಷಿಣ ಚೀನಾದ ರೇಷ್ಮೆ ಸೀಮೆಯಲ್ಲಿ ಹೆಂಗಸರು ಗಂಡನ ಮನೆಗೆ ಹೋಗಲು ಒಲ್ಲದೆ, ತಮ್ಮ ಜಡೆಯನ್ನು ತಾವೇ ಕಟ್ಟಿಕೊಂಡು, ನೂಲು ತೆಗೆದು ದುಡಿದು, ಅವರಲ್ಲಿ ಕೆಲವರು ಗೆಳತಿಯೊಂದಿಗೆ ಆಣೆ ಪ್ರಮಾಣ ಮಾಡಿ ಊಟ ಹಾಕಿಸಿ ಸಂಸಾರ ಹೂಡಿದ್ದನ್ನು ಹೇಳಿದೆ. ರೋಮಿನ ಅರಸನೊಬ್ಬ ಗಂಡಸನ್ನೇ ಮದುವೆಯಾದ ಕಥೆ ಹೇಳಿದೆ. ಪೂರ್ವದ ಹಳೆಯ ಕ್ರೈಸ್ತ ಗುಡಿಗಳಲ್ಲಿ ಇಬ್ಬರು ಗಂಡಸರನ್ನು ಒಡಹುಟ್ಟಿದವರನ್ನಾಗಿ ಬೆಸೆಯುವ ಪ್ರಾರ್ಥನೆ ಇತ್ತು. ಅದು ಮದುವೆಯೋ ಬರೀ ಸ್ನೇಹವೋ ಎಂದು ಓದಿದವರು ಇವತ್ತಿಗೂ ಜಗಳವಾಡುತ್ತಾರೆ. ಗುಜರಾತಿನಲ್ಲಿ ಸ್ನೇಹದ ಕರಾರು ಎಂದು ಕಾಗದ ಮಾಡಿಸಿಕೊಂಡು ಒಟ್ಟಿಗಿದ್ದ ಹೆಂಗಸರಿದ್ದರು. ಇದೆಲ್ಲವನ್ನೂ ಹೇಳುತ್ತ ಹೋದಂತೆ ನನಗೇ ಅನುಮಾನ ಹೆಚ್ಚಿತು. ಒಂದು ಮಳೆಗಾಗಿ, ಒಂದು ಗಂಡನ ಮನೆ ತಪ್ಪಿಸಿಕೊಳ್ಳಲು, ಒಂದು ಅರಸನ ಹುಚ್ಚಿಗಾಗಿ. ನಮ್ಮ ಇಂಚರ ಇದರಲ್ಲಿ ಯಾರ ಹಾಗೆ? ಯಾರ ಹಾಗೂ ಇಲ್ಲವೇನೋ.

ಅಕ್ಕ ತಲೆ ಎತ್ತಿದ್ದು ಆಫ್ರಿಕಾದ ವಿಷಯಕ್ಕೆ ಮಾತ್ರ. ಅಲ್ಲಿನ ಕೆಲವು ಜನರಲ್ಲಿ ಗಂಡು ಸಂತಾನವಿಲ್ಲದ ಹೆಂಗಸು ತೆರ ಕೊಟ್ಟು ಇನ್ನೊಬ್ಬ ಹೆಂಗಸನ್ನು ಮದುವೆಯಾಗಿ ಮನೆ ತುಂಬಿಸಿಕೊಳ್ಳುತ್ತಾಳೆ, ಹುಟ್ಟಿದ ಮಕ್ಕಳು ಅವಳ ಮನೆತನದವರೇ ಆಗುತ್ತಾರೆ ಎಂದು ನಾನು ಹೇಳಿದೆ.

"ಆ ಹೆಂಗಸಿನ ಗಂಡ?" ಎಂದಳು ಅಕ್ಕ.

"ಎಷ್ಟೋ ಕಡೆ ಸತ್ತಿರ್ತಾನೆ."

"ಗಂಡ ಸತ್ತವ್ಳು ಮುಂದೆ ನಿಂತು ಮದುವೆ ಮಾಡ್ಬೋದಾ ಅಲ್ಲಿ?"

"ಅದೇ ಅಲ್ವಾ ನಾನು ಹೇಳ್ತಿರೋದು, ಹೆಣ್ಣು ಹೆಣ್ಣಿಗೆ..." ಎಂದು ನಾನು ನನ್ನ ದಾರಿಯಲ್ಲೇ ಮುಂದಕ್ಕೆ ಹೋದೆ. ಅಕ್ಕ ಮತ್ತೆ ಸೂಜಿಗೆ ದಾರ ಪೋಣಿಸಿದಳು.

ಸೀಬೆ ತೋಟದ ಊರು

ಯೂಟಿಂಗಳ ಊರು ಸಣ್ಣದು, ಸುತ್ತ ಸೀಬೆ ತೋಟ. ಅವಳಮ್ಮ, ಅಂದರೆ ನಮ್ಮ ಬೀಗಿತ್ತಿ, ಗಿಡ್ಡಗೆ ಗುಂಡಗಿರುವ, ಒಂದು ಕ್ಷಣ ಕೂರದ ಹೆಂಗಸು. ಅವರ ಗಂಡನೂ ಇಲ್ಲ. ಗೋಡೆಯ ಮೇಲೆ ಅವರ ಫೋಟೊ, ಮುಂದೆ ಊದಿನಕಡ್ಡಿ, ಕಿತ್ತಳೆ ಹಣ್ಣು. ಸಸ್ಯಾಹಾರ ಅಂದರೆ ಈರುಳ್ಳಿ ಬೆಳ್ಳುಳ್ಳಿಯೂ ಹಾಕಬಾರದು ಎಂದು ಅಲ್ಲಿನ ಬೌದ್ಧರ ರೂಢಿಯಂತೆ. ಬಂದ ದಿನವೇ ಮಠದ ಅಡುಗೆಯಂಥ ಊಟ ಸಿಕ್ಕಿ, ಅಕ್ಕ ಎರಡು ಸಲ ಅನ್ನ ಹಾಕಿಸಿಕೊಂಡಳು. ಯೂಟಿಂಗ್ ಪಕ್ಕದಲ್ಲೇ ಕೂತು ಅಕ್ಕನಿಗೆ ಮೂಳೆ ನೋವಿನ ಮುಲಾಮು ಹಚ್ಚುವುದನ್ನು ತೋರಿಸಿದಳು. ಅಕ್ಕ ಆ ಹುಡುಗಿಯ ತಲೆ ಸವರಿದಳು. ನನ್ನ ಲೆಕ್ಕ ಮತ್ತೆ ತಪ್ಪಿತು.

ಬೀಗಿತ್ತಿಯ ತಮ್ಮ ಸೀಬೆ ಬೆಳೆಗಾರ. ಅವನ ಹೆಸರು ನನ್ನ ನಾಲಿಗೆಗೆ ಹತ್ತದ್ದರಿಂದ ಸೀಬೆ ಮಾವ ಎಂದೇ ಕರೆದೆ. ಅವನೂ ಒಪ್ಪಿಕೊಂಡ. ಇಬ್ಬರೂ ಸೋದರಮಾವಂದಿರು, ಮೊಬೈಲು ನಡುವೆ ಇಟ್ಟುಕೊಂಡು ಅದರ ಅನುವಾದದಲ್ಲಿ ಹರಟುತ್ತಿದ್ದೆವು. ಅವನ ಕೆನ್ನೆಯೊಳಗೆ ಸದಾ ಅಡಿಕೆ. ನಮ್ಮ ವೀಳ್ಯದೆಲೆ ವಿಮಾನ ನಿಲ್ದಾಣದ ಪಾಲಾಯಿತು ಎಂದಾಗ ನನ್ನನ್ನು ಹೆದ್ದಾರಿ ಬದಿಯ ಗಾಜಿನ ಡಬ್ಬಿಯಂಥ ಅಂಗಡಿಗೆ ಕರೆದೊಯ್ದ. ಹಸಿರು ಅಡಿಕೆಗೆ ಸುಣ್ಣ ಸವರಿ ಎಲೆ ಸುತ್ತಿದ್ದು ಸಿಕ್ಕಿತು. ನಾನು ಕುಣಿದಾಡಿಕೊಂಡು ಮನೆಗೆ ತಂದು ತಟ್ಟೆಯಲ್ಲಿಟ್ಟು ಹೆಂಗಸರಿಗೆಲ್ಲ ತಾಂಬೂಲ ಹಿಡಿದೆ. ಬೀಗಿತ್ತಿ ಕಿರುಚಿ ನಕ್ಕರು. ಈಗ ಅದು ಲಾರಿ ಓಡಿಸುವವರ ಚಟ, ಮರ್ಯಾದಸ್ಥ ಹೆಂಗಸರು ಮುಟ್ಟುವುದಿಲ್ಲವಂತೆ. ಅವರ ಅಜ್ಜಿಯ ಕಾಲದಲ್ಲಿ ಮದುವೆಗೆ ಕರೆಯುವಾಗ ಅಡಿಕೆ ಕೊಡುತ್ತಿದ್ದರು ಎಂದು ಆಮೇಲೆ ನೆನಪಿಸಿಕೊಂಡು ಒಂದನ್ನು ತೆಗೆದುಕೊಂಡರು. ಅಕ್ಕನ ಮುಂದೆ ತಟ್ಟೆ ಬಂದಾಗ ಅವಳು ಕೈ ಹಿಂದಕ್ಕೆ ಎಳೆದುಕೊಂಡು ಎದ್ದು ಹೋದಳು.

ಅಂದು ಸಂಜೆ ಸೀಬೆ ಮಾವ ನಮ್ಮ ಕಡೆಯ ಮದುವೆ ಹೇಗೆ ಎಂದು ಕೇಳಿದ. ನಾನು ಹುಮ್ಮಸ್ಸಿನಲ್ಲಿ, ನಮ್ಮಲ್ಲಿ ಅಕ್ಕನ ಮಗಳನ್ನು ಸೋದರಮಾವನೇ ಮದುವೆಯಾಗುವುದುಂಟು, ನಮ್ಮಪ್ಪ ಆದದ್ದೂ ಅಕ್ಕನ ಮಗಳನ್ನೇ ಎಂದೆ. ಮೊಬೈಲು ಅದನ್ನು ಅವನ ಭಾಷೆಯಲ್ಲಿ ಹೇಳಿತು. ಅವನ ಕೈಯ ಚಹಾ ತೊಡೆಯ ಮೇಲೆ ಚೆಲ್ಲಿತು. ನನ್ನನ್ನು ನೋಡಿದ, ಇಂಚರಳನ್ನು ನೋಡಿದ, ಬೀಗಿತ್ತಿಯನ್ನು ಕೂಗಿ ಕರೆದ. ಇಬ್ಬರು ಹುಡುಗಿಯರ ಮದುವೆಗೆ ಶಾಮಿಯಾನ ಹಾಕಿಸುತ್ತಿದ್ದ ಮನುಷ್ಯ ನಮ್ಮಪ್ಪನ ಮದುವೆಗೆ ಬೆವತುಹೋದ. ಯಾವುದು ಸಹಜ, ಯಾವುದು ವಿಪರೀತ ಎಂದು ಯಾರನ್ನು ಕೇಳುವುದು?

ಮದುವೆಯ ಬೆಳಿಗ್ಗೆ

ಮದುವೆ ಊಟಕ್ಕೆ ಬೀದಿಗೇ ಶಾಮಿಯಾನ ಹಾಕಿದ್ದರು. ದಾರಿ ಬಂದ್. ಸ್ಕೂಟರಿನವರು ಗೊಣಗದೆ ಸುತ್ತಿಕೊಂಡು ಹೋಗುತ್ತಿದ್ದರು. ಚಾಮರಾಜಪುರದ ಅಡ್ಡರಸ್ತೆಯಲ್ಲಿ ನಾಮಕರಣಕ್ಕೆ ಬೀದಿ ಕಟ್ಟಿದ ಹಾಗೇ ಇತ್ತು. ಕೆಂಪು ಹೊದಿಕೆಯ ದುಂಡು ಮೇಜುಗಳು, ಹಿಂದೆ ಬಯಲಲ್ಲೇ ಒಲೆ ಹೂಡಿದ ಬಾಣಸಿಗರು. ನನಗೆ ಮನೆಗೆ ಬಂದಷ್ಟು ಖುಷಿಯಾಯಿತು.

ಒಳಗೆ ಬೀಗಿತ್ತಿ ಕೆಂಪು ಕೋಟು ತೊಟ್ಟು, ಎದೆಗೆ ಕೆಂಪು ಹೂವು ಸಿಕ್ಕಿಸಿಕೊಂಡಿದ್ದರು. ಮದುವೆಯ ಯಜಮಾನಿಕೆ ತಮ್ಮದು ಎಂದು ತೋರಿಸುವ ಹೂವು ಅದು. ಅಂಥದೇ ಇನ್ನೊಂದನ್ನು ಅಕ್ಕನ ತಿಳಿಹಳದಿ ಸೀರೆಗೆ ತಾವೇ ಸಿಕ್ಕಿಸಿದರು. ಅಕ್ಕ ಉಸಿರು ಬಿಗಿಹಿಡಿದು ನಿಂತಿದ್ದಳು.

ಹುಡುಗಿಯರು ಹಿರಿಯರಿಗೆ ಮಂಡಿಯೂರಿ ಚಹಾ ಕೊಡುವ ಶಾಸ್ತ್ರವಿತ್ತು. ಕರೆದರೆ ಅಕ್ಕ ತಲೆನೋವು ಎಂದಳು. ಅವಳ ಕುರ್ಚಿ ಖಾಲಿ ಉಳಿಯಿತು. ಬಾಸಿಂಗ ಕಟ್ಟಲು ನಾನು ಎದ್ದಾಗ ಇಂಚರ ಕಣ್ಣೀರು ಬರಬಾರದೆಂದು ಸೂರು ನೋಡುತ್ತಿದ್ದಳು. ಅವಳ ಹಣೆಗೆ ಕಟ್ಟಿದೆ. ಯೂಟಿಂಗಳ ಕೂದಲು ರೇಷ್ಮೆಗಿಂತ ನುಣುಪು, ದಾರ ನಿಲ್ಲದೆ ಬಾಸಿಂಗ ಮೂಗಿನ ಮೇಲೆ ಜಾರಿತು. ಎಲ್ಲರೂ ನಕ್ಕರು. ಇಂಚರ ನಗುತ್ತಲೇ ಬಿಕ್ಕಿದಳು. ಮಹಡಿಯ ಮೆಟ್ಟಿಲ ಮೇಲೆ ನೋಡಿದರೆ ಅಕ್ಕನ ಕೆಂಪು ಹೂವು ಬಿಚ್ಚಿ ಇಟ್ಟಿತ್ತು. ನನಗೆ ಮೈಯೆಲ್ಲ ಉರಿದುಹೋಯಿತು.

ಶಾಮಿಯಾನದ ಕೆಳಗೆ

ಪಟಾಕಿ ಸುಟ್ಟರು. ಜನ ಬಂದು ಕೂತರು. ನಾನು ಹೆಣ್ಣಿನ ಕಡೆಯವನು. ನಮ್ಮಲ್ಲಿ ಹೆಣ್ಣಿನ ಕಡೆಯವರು ಮೊದಲ ಪಂಕ್ತಿಗೆ ಕೂತರೆ ಮಾನ ಉಳಿಯುವುದಿಲ್ಲ. ಬೀಗರ ಊಟ ಮುಗಿಯುವವರೆಗೆ ಕೈಮುಗಿದು ನಿಂತು ಉಪಚಾರ ಮಾಡಬೇಕು. ಹಾಗಾಗಿ ಮೇಜಿನಿಂದ ಮೇಜಿಗೆ ಹೋಗಿ "ಊಟ ಮಾಡಿ, ನಿಧಾನವಾಗಿ ಆಗ್ಲಿ" ಎಂದು ಕನ್ನಡದಲ್ಲೇ ಉಪಚಾರ ಶುರುಮಾಡಿದೆ. ಜನ ನಗುತ್ತಿದ್ದರು, ತಲೆಯಾಡಿಸುತ್ತಿದ್ದರು, ಯಾರೂ ಬಟ್ಟಲು ಮುಟ್ಟುತ್ತಿರಲಿಲ್ಲ. ಸೀಬೆ ಮಾವ ನನ್ನ ಹಿಂದೆಯೇ ಸುತ್ತುತ್ತಿದ್ದ. ಅವನೂ ಕೂರಲೊಲ್ಲ. ಒಲೆಯ ಕಡೆಯಿಂದ ಅಡುಗೆಯವನು ಏನೋ ಕೂಗಿದ.

ಇಂಚರ ಓಡಿ ಬಂದಳು. "ಮಾವ, ಕೂತ್ಕೊಳ್ಳಿ! ನೀವು ಕೂರೋವರ್ಗೂ ಯಾರೂ ತಿನ್ನಂಗಿಲ್ಲ."

ಮೇಲೆ ಆಕಾಶದಲ್ಲಿ ದೇವರು, ಕೆಳಗೆ ಭೂಮಿಯಲ್ಲಿ ಸೋದರಮಾವ ಎಂದು ಅವರಲ್ಲಿ ಗಾದೆಯಂತೆ. ಮದುವೆಯಲ್ಲಿ ದೊಡ್ಡ ಕುರ್ಚಿ ಅವನದು. ಅವನು ಕೂತು ಬಾಯಿಗಿಟ್ಟ ಮೇಲೇ ಉಳಿದವರು. ಇಲ್ಲಿ ಎರಡೂ ಕಡೆ ಹೆಣ್ಣಿನ ಕಡೆಯೇ ಆದ್ದರಿಂದ ದೊಡ್ಡ ಕುರ್ಚಿಗಳೂ ಎರಡು. ದೂರದಿಂದ ಬಂದವನು ಮೊದಲು ಕೂರಲಿ ಎಂದು ಸೀಬೆ ಮಾವ ಕಾಯುತ್ತಿದ್ದ. ನಾನು ಮರ್ಯಾದೆ ಮಾಡುತ್ತಿದ್ದೇನೆ ಅಂದುಕೊಂಡು ಇಡೀ ಊರನ್ನು ಉಪವಾಸ ಕೆಡವಿದ್ದೆ.

"ಅಮ್ಮ ಎಲ್ಲೇ?" ಎಂದೆ. ಇಂಚರ ಮನೆಯ ಕಡೆ ಕೈ ತೋರಿಸಿದಳು.

ಮನೆಯ ಹಿಂಭಾಗದ ಅಡುಗೆಮನೆಯಲ್ಲಿ ಅಕ್ಕ ನಿಂತು ಚಹಾ ಬಟ್ಟಲು ತೊಳೆಯುತ್ತಿದ್ದಳು. ನನಗೆ ತಡೆಯಲಾಗಲಿಲ್ಲ. "ನಿಂಗಿಷ್ಟ ಇಲ್ದಿದ್ರೆ ಮೈಸೂರಲ್ಲೇ ಹೇಳ್ಬೇಕಿತ್ತು ಕಣಕ್ಕ. ಇಲ್ಲೀವರ್ಗೂ ಬಂದು ಮಗೂನ ಅಳಿಸ್ತೀಯಲ್ಲ!"

"ಯಾರೋ ಇಷ್ಟ ಇಲ್ಲ ಅಂದಿದ್ದು?" ಅಕ್ಕ ನಿಜವಾಗಿಯೂ ಬೆಪ್ಪಾಗಿ ನೋಡಿದಳು. "ಹುಡುಗಿ ಹುಡುಗೀನ ಕಟ್ಕೊಳ್ಳೋದು ಎಂಗೆ ಅಂತ ನಂಗೊತ್ತಾಗಲ್ಲ, ನಿಜ. ಆದ್ರೆ ಇಂಚರಂಗೆ ಆಪರೇಷನ್ ಆದಾಗ ಆ ಯೂಟಿಂಗು ಆಸ್ಪತ್ರೇಲಿ ಕುರ್ಚೀಲೇ ಮಲಗಿದ್ಲು. ಅದು ಗೊತ್ತಾಗುತ್ತೆ. ಅಷ್ಟು ಸಾಕು ಬುಡು."

"ಮತ್ತೆ ಇಲ್ಯಾಕೆ ನಿಂತಿದೀಯ?"

ಅಕ್ಕ ಬಟ್ಟಲನ್ನು ಮತ್ತೆ ಮತ್ತೆ ಅದೇ ಬಟ್ಟೆಯಲ್ಲಿ ಒರೆಸಿದಳು. "ನಾನು ಎದುರಿಗೆ ನಿಂತ್ರೆ ಒಳ್ಳೇದಾಗುತ್ತೇನೋ ನಾಗು? ಎಲ್ಲಾರ ಮದುವೇಗೂ ಹಿಂದಿನ್ ದಿನಾನೇ ಹೋಗಿ ಬಂದ್ಬುಟ್ಟಿದೀನಿ. ನನ್ ಮಗಳದಕ್ಕೆ ಬಂದು ಕೆಂಪು ಹೂ ಮುಡ್ಕೊಂಡು ಮುಂದೆ ನಿಂತ್ಕೊಳ್ಲಾ? ನೀನು ಅಂಗಡೀಲಿ ಮುತ್ತೈದೆಯರಿಗೆ ಅಂತ ಪ್ಯಾಕೆಟ್ ಕಟ್ತೀಯಲ್ಲ, ಅದ್ರಲ್ಲಿ ನನ್ದು ಯಾವ್ದೋ? ಆ ಮೊಲದ ದೇವ್ರನ್ನೂ ಕೇಳ್ದೆ, ನಿಲ್ಬೋದಾ ಅಂತ. ನಕ್ಬುಟ್ಟ."

ರೋಮಿನ ಅರಸ, ಆಫ್ರಿಕಾದ ಹೆಂಗಸು, ರೇಷ್ಮೆ ಸೀಮೆ ಎಂದು ಇಷ್ಟು ದಿನ ಯಾರ ಕಿವಿಗೆ ಊದಿದೆ ನಾನು? ಅವಳ ದುಃಖವೇ ಬೇರೆ ಇತ್ತು. ಅದು ನನ್ನ ಅಂಗಡಿಯ ಕಪಾಟಿನಲ್ಲೇ ಇತ್ತು. ಅದಕ್ಕೆ ಹೇಳಲು ನನ್ನ ಬಳಿ ಯಾವ ದೇಶದ ಇತಿಹಾಸವೂ ಇರಲಿಲ್ಲ. ಶಾಸ್ತ್ರದಲ್ಲಿ ಹಾಗಿಲ್ಲ ಎನ್ನೋಣವೆಂದರೆ, ಇದೆ ಎಂದುಕೊಂಡೇ ಮೂವತ್ತು ವರ್ಷ ವ್ಯಾಪಾರ ಮಾಡಿದವನು ನಾನು.

"ನೀನು ಬಂದು ಕೂರೋವರ್ಗೂ ನಾನು ಕೂರಲ್ಲ," ಎಂದಷ್ಟೇ ಹೇಳಿ ಹೊರಗೆ ಬಂದೆ.

ದೊಡ್ಡ ಕುರ್ಚಿಯ ಪಕ್ಕ ಕೈಕಟ್ಟಿ ನಿಂತೆ. ಸೀಬೆ ಮಾವನೂ ನಿಂತ. ಮಕ್ಕಳು ರಂಪ ಶುರುಮಾಡಿದವು. ಅಡುಗೆಯವನು ಬಂದು ನನ್ನನ್ನು ಮೇಲಿಂದ ಕೆಳಗೆ ನೋಡಿ ಹೋದ. ಅಕ್ಕ ಬರದಿದ್ದರೆ ಏನು ಮಾಡುವುದೆಂದು ನನಗೇ ತಿಳಿದಿರಲಿಲ್ಲ. ಅಕ್ಕ ಒಳಗೆ ಆಡಿದ ಮಾತನ್ನು ಇಂಚರಳಿಗೆ ಹೇಳಿದೆ, ಅವಳು ಅಳುತ್ತಲೇ ಅದನ್ನು ಅವರ ಭಾಷೆಯಲ್ಲಿ ಬೀಗಿತ್ತಿಗೆ ಹೇಳಿದಳು. ಬೀಗಿತ್ತಿ ಬಾಯಿ ತೆರೆದು ಕೇಳಿದರು. ಆಮೇಲೆ ಕೋಟಿನ ತೋಳು ಮಡಚಿಕೊಂಡು ದಡದಡನೆ ಒಳಗೆ ಹೋದರು. ಇಂಚರ ಹಿಂದೆ ಓಡಿದಳು.

ಅಲ್ಲಿ ಆಡಿದ ಮಾತನ್ನು ಇಂಚರ ಆಮೇಲೆ ನನಗೆ ಹೇಳಿದಳು. "ಇಲ್ಲೂ ಹಾಗೇ ಅಂತಾರೆ," ಎಂದರಂತೆ ಬೀಗಿತ್ತಿ. "ಗಂಡ ಇಲ್ಲದವಳು ಮದುವೆ ಹಾಸಿಗೆ ಮುಟ್ಟಬಾರದು ಅಂತ. ಅನ್ನೋರೆಲ್ಲ ಹೊರಗೆ ಊಟಕ್ಕೆ ಬಂದು ಕೂತಿದ್ದಾರೆ. ಹಸಿದಿದ್ದಾರೆ. ಬನ್ನಿ."

ಬಾಗಿಲಲ್ಲಿ ಬೀಗಿತ್ತಿ ಕಂಡರು. ಅವರ ಎದೆಯಲ್ಲಿ ಹೂವಿರಲಿಲ್ಲ. ಅದು ಅಕ್ಕನ ಸೆರಗಿನಲ್ಲಿತ್ತು, ಓರೆಯಾಗಿ. ಅಕ್ಕನ ಒದ್ದೆ ಕೈಯನ್ನು ಅವರು ಬಿಟ್ಟಿರಲಿಲ್ಲ. ಇಂಚರ ಮುಂದೆ ಓಡಿಬಂದು ಯೂಟಿಂಗಳ ಪಕ್ಕ ನಿಂತಳು, ಇಬ್ಬರ ಹಣೆಯಲ್ಲೂ ಬಾಸಿಂಗ. ಅಕ್ಕ ನಡೆದು ಬಂದು ಅವರ ನಡುವೆ ನಿಂತಳು, ಇಂಚರಳ ಭುಜ ಹಿಡಿದುಕೊಂಡಳು. ನನಗೆ ಅಳು ಬಂತು, ಅತ್ತೆ.

ಅಕ್ಕ ಕೂತಳು. ನಾನು ಕೂತೆ, ಸೀಬೆ ಮಾವ ಕೂತ. ಅಕ್ಕಿ ಹಿಟ್ಟಿನ ಕೆಂಪು ಬಿಳಿ ಉಂಡೆಗಳನ್ನು ಸಕ್ಕರೆ ಪಾಕದಲ್ಲಿ ಹಾಕಿದ ಬಟ್ಟಲು ಮೊದಲು ನನ್ನೆದುರಿಗೆ ಬಂತು. ನಾನದನ್ನು ಅಕ್ಕನ ಮುಂದೆ ಸರಿಸಿದೆ. ಸೀಬೆ ಮಾವನಿಗೆ ತಿಳಿಯಿತೇನೋ, ತನ್ನ ಬಟ್ಟಲು ಮುಟ್ಟದೆ ಕೈಕಟ್ಟಿ ಕೂತ. ಅವನನ್ನು ನೋಡಿ ಆ ಬೀದಿಯಷ್ಟೂ ಜನ ಎತ್ತಿದ ಚಮಚ ಕೆಳಗಿಟ್ಟರು.

ಅಕ್ಕ ನನ್ನ ಕಡೆ ಬಾಗಿ ಪಿಸುಗುಟ್ಟಿದಳು. "ಏನೋ ನಾಗು, ಎಲ್ಲಾರೂ ನನ್ನೇ ನೋಡ್ತವ್ರೆ?"

"ನೀನು ತಿನ್ಲಿ ಅಂತ ಕಾಯ್ತವ್ರೆ ಕಣಕ್ಕ."

ಅಕ್ಕ ಚಮಚ ಎತ್ತಿ ಒಂದು ಉಂಡೆ ಬಾಯಿಗೆ ಹಾಕಿಕೊಂಡಳು. ಆಮೇಲೆ ಎಲ್ಲರೂ ಊಟಕ್ಕೆ ಶುರುಮಾಡಿದರು.